ಹಬ್ಬದ ಬೋನಸ್‌ಗೆ ತೆರಿಗೆ ಎಷ್ಟು? ಪಗಾರ ಚೀಟಿ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ

‘ದೀಡ ಲಕ್ಷ ಬೋನಸ್ ಅಂತ ಲೆಟರ್ ಕೊಟ್ರು. ಅಕೌಂಟಿಗೆ ಬಿದ್ದಿದ್ದು ನೋಡಿದ್ರ ಒಂದು ಲಕ್ಷ ಇಪ್ಪತ್ತಾರು ಸಾವಿರದ ಆರು ನೂರು. ಬೋನಸ್ಸಿಗೆ ಬ್ಯಾರೆ ಟ್ಯಾಕ್ಸ್ ಐತೇನ್ರಿ?’

ದೀಪಾವಳಿ ಸಮೀಪಿಸಿದಾಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಗಳಿಂದ ಹಿಡಿದು ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದವರೆಗೆ ಈ ಪ್ರಶ್ನೆ ಕೇಳದವರಿಲ್ಲ. ಉತ್ತರ ಸರಳ. ಬೋನಸ್‌ಗೆಂದು ಪ್ರತ್ಯೇಕ ತೆರಿಗೆ ಇಲ್ಲ, ಪ್ರತ್ಯೇಕ ದರವೂ ಇಲ್ಲ. ಕಾನೂನಿನ ಕಣ್ಣಿಗೆ ಬೋನಸ್ ಎಂದರೆ ಪಗಾರವೇ. ವರ್ಷದ ಪಗಾರಕ್ಕೆ ಅದನ್ನು ಕೂಡಿಸಿ, ಬಂದ ಮೊತ್ತಕ್ಕೆ ತೆರಿಗೆ ಹಾಕುತ್ತಾರೆ. ಆದರೂ ಬೋನಸ್ ಬಂದ ತಿಂಗಳು ಕಡಿತ ಅಷ್ಟೊಂದು ದೊಡ್ಡದಾಗಿ ಕಾಣುವುದೇಕೆ, ಅದು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ. ಪಗಾರ ಚೀಟಿ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಇಲ್ಲಿ ಹಾಕಿರುವ ದರ, ಮಿತಿ, ಕಲಂ, ಫಾರಂ ಸಂಖ್ಯೆಗಳೆಲ್ಲ 2025-26ನೇ ಆರ್ಥಿಕ ವರ್ಷದವು. ಮುಂದಿನ ವರ್ಷಗಳಿಗೂ ಲೆಕ್ಕದ ದಾರಿ ಇದೇ. ದರ, ಮಿತಿ, ಸಂಖ್ಯೆಗಳನ್ನು ಆಯಾ ವರ್ಷದ ಬಜೆಟ್, ನಿಯಮ ನೋಡಿ ಬದಲಿಸಿಕೊಳ್ಳಬೇಕು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಹೊಸ ಕಾಯ್ದೆ ಜಾರಿ. ಅದರಲ್ಲಿ ‘ತೆರಿಗೆ ವರ್ಷ’ ಎಂಬ ಹೊಸ ಹೆಸರು ಕಾಣಿಸುತ್ತದೆ. ಬೋನಸ್ ಪಗಾರದ ಭಾಗ ಎಂಬುದರಲ್ಲಿ ಬದಲಾವಣೆ ಇಲ್ಲ.

ಹಂತ 1: ಕೈಗೆ ಬಂದದ್ದು ಏನು ಎಂದು ಖಚಿತ ಮಾಡಿಕೊಳ್ಳಿ

ಬೋನಸ್, ಎಕ್ಸ್‌ಗ್ರೇಷಿಯಾ, ಇನ್ಸೆಂಟಿವ್, ವೇರಿಯಬಲ್ ಪೇ ಎಂದು ಕಂಪನಿ ಯಾವ ಹೆಸರಿನಿಂದ ಕೊಟ್ಟರೂ ಅದು ಪಗಾರದ ಲೆಕ್ಕಕ್ಕೇ ಸೇರುತ್ತದೆ. ದುರ್ಗದಬೈಲಿನ ಅಂಗಡಿಯಲ್ಲಿ ಲಕ್ಷ್ಮೀಪೂಜೆಯ ದಿನ ಮಾಲೀಕರು ಲಕೋಟೆಯಲ್ಲಿ ಹಾಕಿ ಕೊಡುವ ನಗದಿಗೂ ಇದೇ ಮಾತು. ‘ನಗದು ಕೊಟ್ಟಾರ, ಅದಕ್ಕೇನ್ ಟ್ಯಾಕ್ಸು’ ಎನ್ನುವವರಿದ್ದಾರೆ. ಕೆಲಸ ಕೊಟ್ಟವರು ಕೆಲಸದ ಕಾರಣಕ್ಕೆ ಕೊಟ್ಟ ದುಡ್ಡು ಕೈಯಿಂದ ಬಂದರೂ ಬ್ಯಾಂಕಿನಿಂದ ಬಂದರೂ ಆದಾಯವೇ.

ಎರಡು ಸಂಗತಿ ಮಾತ್ರ ಬೇರೆ. ಸರ್ಕಾರಿ ನೌಕರರಿಗೆ ಸಿಗುವ ಹಬ್ಬದ ಮುಂಗಡ ಸಾಲವಿದ್ದ ಹಾಗೆ. ಮುಂದಿನ ತಿಂಗಳುಗಳ ಪಗಾರದಲ್ಲಿ ಕಂತಿನ ಮೇಲೆ ಮುರಿದುಕೊಳ್ಳುತ್ತಾರೆ. ಅದು ಆದಾಯವಲ್ಲ, ತೆರಿಗೆಯೂ ಇಲ್ಲ. ಇನ್ನೊಂದು, ಕಂಪನಿ ವಸ್ತುವಿನ ರೂಪದಲ್ಲಿ ಕೊಡುವ ಉಡುಗೊರೆ: ಸಿಹಿ ಡಬ್ಬಿ, ಕುಕ್ಕರ್, ಗಿಫ್ಟ್ ವೋಚರ್. 2025-26ರಲ್ಲಿ ಇವುಗಳ ಬೆಲೆ ಇಡೀ ವರ್ಷಕ್ಕೆ 5,000 ರೂಪಾಯಿಯ ಒಳಗಿದ್ದರೆ ತೆರಿಗೆ ಬೀಳುವುದಿಲ್ಲ. ನಗದಿಗೆ ಈ ರಿಯಾಯಿತಿ ಇಲ್ಲ.

ಹಂತ 2: ಯಾವ ವರ್ಷಕ್ಕೆ ಸೇರುತ್ತದೆ ನೋಡಿ

ಯಾವ ವರ್ಷದ ದುಡಿಮೆಗೆ ಬೋನಸ್ ಕೊಟ್ಟರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೊಡಬೇಕಾಗಿ ಬಂದ ದಿನ, ಕೊಟ್ಟ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ವರ್ಷದ ಆದಾಯ ಅದು. 2024-25ರ ದುಡಿಮೆಯ ಬೋನಸ್ 2025ರ ಅಕ್ಟೋಬರಿನಲ್ಲಿ ಘೋಷಣೆಯಾಗಿ ಕೈಸೇರಿದ್ದರೆ ಅದು 2025-26ರ ಲೆಕ್ಕ. ಐಟಿ ಕಂಪನಿಗಳಲ್ಲಿ ಮಾರ್ಚ್‌ಗೆ ವರ್ಷ ಮುಗಿಸಿ, ಮೌಲ್ಯಮಾಪನ ನಡೆಸಿ, ಮೇ–ಜೂನ್‌ನಲ್ಲಿ ಬೋನಸ್ ನಿಗದಿ ಮಾಡಿ ಕೊಡುವ ರೂಢಿ ಇದ್ದರೆ ಅದು ಹೊಸ ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಹಂತ 3: ವರ್ಷದ ಮೊತ್ತ ಕೂಡಿಸಿ, 75,000 ಕಳೆಯಿರಿ

ಪಗಾರ ಚೀಟಿಯ ಎಡಗಡೆ ಗಳಿಕೆ, ಬಲಗಡೆ ಕಡಿತ ಇರುತ್ತದೆ. ಎಡಗಡೆಯ ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲವನ್ಸ್ ಎಲ್ಲವನ್ನೂ ಕೂಡಿಸಿದ ಮೊತ್ತ ತೆಗೆದುಕೊಳ್ಳಿ. ಕೈಗೆ ಬರುವ ನಿವ್ವಳ ಮೊತ್ತವನ್ನು ಹಿಡಿದು ಲೆಕ್ಕ ಹಾಕಿದರೆ ಆರಂಭದಲ್ಲೇ ತಪ್ಪುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ 12 ತಿಂಗಳ ಗಳಿಕೆ ಕೂಡಿಸಿ, ಇನ್ನೂ ಬರಬೇಕಾದ ತಿಂಗಳುಗಳನ್ನು ಅಂದಾಜಿನಲ್ಲಿ ಸೇರಿಸಿ. ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಎಂದು ಎರಡು ಪದ್ಧತಿಗಳಿವೆ, ಒಂದನ್ನು ಆರಿಸಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿದ್ದರೆ ಪಗಾರದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಅದರಿಂದ ಕಳೆಯಿರಿ. ಉಳಿದದ್ದು ತೆರಿಗೆಗೆ ಒಳಪಡುವ ಆದಾಯ. ಪಗಾರದಲ್ಲಿ ತಿಂಗಳಿಗೆ 200 ರೂಪಾಯಿ (ಫೆಬ್ರುವರಿಯಲ್ಲಿ 300) ಮುರಿಯುವ ವೃತ್ತಿ ತೆರಿಗೆಯನ್ನು ಹೊಸ ಪದ್ಧತಿಯಲ್ಲಿ ಕಳೆಯುವ ಹಾಗಿಲ್ಲ, ಹಳೆಯದರಲ್ಲಿ ಮಾತ್ರ ಅವಕಾಶ. ಪಿಎಫ್‌ಗೆ ಬೋನಸ್ ಸೇರುವುದಿಲ್ಲ, ಹಾಗಾಗಿ ಬೋನಸ್ ಬಂದ ತಿಂಗಳು ಪಿಎಫ್ ಕಡಿತ ಜಾಸ್ತಿ ಆಗಬಾರದು. ಆಗಿದ್ದರೆ ಎಚ್‌ಆರ್‌ನವರನ್ನು ಕೇಳಿ.

ಹೊಸ ಪದ್ಧತಿಯ ದರ ಹೀಗಿದೆ:

4 ಲಕ್ಷದವರೆಗೆ ಇಲ್ಲ
4 ರಿಂದ 8 ಲಕ್ಷ: ಶೇ 5
8 ರಿಂದ 12 ಲಕ್ಷ: ಶೇ 10
12 ರಿಂದ 16 ಲಕ್ಷ: ಶೇ 15
16 ರಿಂದ 20 ಲಕ್ಷ: ಶೇ 20
20 ರಿಂದ 24 ಲಕ್ಷ: ಶೇ 25
24 ಲಕ್ಷದ ಮೇಲೆ: ಶೇ 30

ಬಂದ ತೆರಿಗೆಯ ಮೇಲೆ ಶೇ 4 ಸೆಸ್ (ಉಪಕರ). ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಅಥವಾ ಅದರ ಒಳಗಿದ್ದರೆ ಆದಾಯ ತೆರಿಗೆ ಕಾಯ್ದೆಯ 87ಎ ಕಲಂನ ರಿಯಾಯಿತಿಯಿಂದ ತೆರಿಗೆ ಪೂರ್ತಿ ಮನ್ನಾ. ಅಂದರೆ ಪಗಾರದಾರರಿಗೆ 12,75,000ದವರೆಗೆ ತೆರಿಗೆ ಸೊನ್ನೆ. ಕಾರ್ಖಾನೆ ಕಾರ್ಮಿಕರಿಗೆ, ಅಂಗಡಿ ನೌಕರರಿಗೆ ಈ ಲೇಖನದಲ್ಲಿ ಬೇಕಾದದ್ದು ಬಹುಪಾಲು ಇಷ್ಟೇ. ತಿಂಗಳಿಗೆ 19,000 ಪಗಾರ ಇದ್ದವರಿಗೆ ಕಾನೂನಿನ ಕನಿಷ್ಠ ಶೇ 8.33 ಬಂದರೂ ಗರಿಷ್ಠ ಶೇ 20 ಬಂದರೂ ತೆರಿಗೆ ಇಲ್ಲ. ಬೋನಸ್‌ನಲ್ಲಿ ‘ಟ್ಯಾಕ್ಸ್’ ಎಂದು ಯಾರಾದರೂ ಮುರಿದುಕೊಂಡಿದ್ದರೆ ಯಾವ ಲೆಕ್ಕದಲ್ಲಿ ಎಂದು ಕೇಳಲೇಬೇಕು.

ಹಂತ 4: ಎರಡು ಸಲ ಲೆಕ್ಕ ಹಾಕಿ

ಒಂದು ಸಲ ಬೋನಸ್ ಬಿಟ್ಟು, ಒಂದು ಸಲ ಬೋನಸ್ ಕೂಡಿಸಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಬೋನಸ್ ಮೇಲಿನ ತೆರಿಗೆ. ಇದೊಂದನ್ನು ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಆರಂಭದ ದೀಡ ಲಕ್ಷದ (1,50,000) ಬೋನಸ್ಸನ್ನೇ ತೆಗೆದುಕೊಳ್ಳಿ. ಅವರ ವರ್ಷದ ಪಗಾರ 15 ಲಕ್ಷ ಎಂದಿಟ್ಟುಕೊಳ್ಳೋಣ. ಬೋನಸ್ ಬಿಟ್ಟರೆ ತೆರಿಗೆಗೆ ಒಳಪಡುವ ಆದಾಯ 14,25,000. ಮೊದಲ 4 ಲಕ್ಷಕ್ಕೆ ಏನಿಲ್ಲ. ಮುಂದಿನ 4 ಲಕ್ಷಕ್ಕೆ 20,000. ಅದರ ಮುಂದಿನ 4 ಲಕ್ಷಕ್ಕೆ 40,000. ಉಳಿದ 2,25,000ಕ್ಕೆ ಶೇ 15ರಂತೆ 33,750. ಒಟ್ಟು 93,750, ಸೆಸ್ 3,750 ಸೇರಿ 97,500. ತಿಂಗಳಿಗೆ 8,125ರಂತೆ ಕಂಪನಿ ಮುರಿಯುತ್ತಾ ಬಂದಿರುತ್ತದೆ.

ಈಗ ಬೋನಸ್ ಕೂಡಿಸಿ. ತೆರಿಗೆಗೆ ಒಳಪಡುವ ಆದಾಯ 15,75,000. 12 ಲಕ್ಷದವರೆಗಿನ 60,000 ಹಾಗೇ ಇರುತ್ತದೆ. ಮೇಲಿನ 3,75,000ಕ್ಕೆ 56,250. ಒಟ್ಟು 1,16,250, ಸೆಸ್ 4,650 ಸೇರಿ 1,20,900.

ವ್ಯತ್ಯಾಸ 23,400. ಅವರ ದೀಡ ಲಕ್ಷದಲ್ಲಿ ಹೋದದ್ದು ಸರಿಯಾಗಿ ಇಷ್ಟೇ. ಶೇಕಡಾ ಲೆಕ್ಕದಲ್ಲಿ 15.6, ಅಂದರೆ ಅವರು ಇರುವ ಹಂತದ ಶೇ 15 ಮತ್ತು ಅದರ ಮೇಲಿನ ಸೆಸ್. ಬೋನಸ್ಸೆಂದರೆ ಶೇ 30 ಹೋಗುತ್ತದೆ ಎಂಬ ಮಾತು ಹೊಸ ಪದ್ಧತಿಯಲ್ಲಿ 24 ಲಕ್ಷದ ಮೇಲಿನವರಿಗೆ ಮಾತ್ರ ನಿಜ.

ಬೋನಸ್ ಎರಡು ಲಕ್ಷ ಇದ್ದು ಆದಾಯ 16 ಲಕ್ಷ ದಾಟಿದರೂ ಹೆದರಬೇಕಿಲ್ಲ. ದಾಟಿದ 25,000ಕ್ಕೆ ಮಾತ್ರ ಶೇ 20. ಕೆಳಗಿನ ಆದಾಯಕ್ಕೆ ಹಳೆಯ ದರವೇ.

ಆ ತಿಂಗಳೇ ಅಷ್ಟೊಂದು ಕಡಿತ ಯಾಕೆ?

ಪಗಾರದ ಟಿಡಿಎಸ್ (ಕಂಪನಿ ಪಗಾರದಲ್ಲೇ ಮುರಿಯುವ ತೆರಿಗೆ) ಎಂಬುದು ತಿಂಗಳ ತೆರಿಗೆಯಲ್ಲ, ವರ್ಷದ ಅಂದಾಜು ತೆರಿಗೆಯ ಒಂದು ಕಂತು. ಏಪ್ರಿಲ್‌ನಲ್ಲಿ ಕಂಪನಿ ನಿಮ್ಮ ವರ್ಷದ ಆದಾಯ ಅಂದಾಜು ಮಾಡಿ ಹಂಚಿಕೊಂಡಿರುತ್ತದೆ. ಬೋನಸ್ ಬಂದ ಕೂಡಲೇ ಅಂದಾಜು ಮೇಲೇರುತ್ತದೆ. ಕಡಿಮೆ ಬಿದ್ದದ್ದನ್ನು ವರ್ಷ ಮುಗಿಯುವುದರೊಳಗೆ ಸರಿದೂಗಿಸಲು ಕಾನೂನು ಕಂಪನಿಗೆ ಅವಕಾಶ ಕೊಟ್ಟಿದೆ. ಇದನ್ನು ಕಂಪನಿಗಳು ಎರಡು ರೀತಿ ಮಾಡುತ್ತವೆ.

ಮೇಲಿನ ಉದಾಹರಣೆಯಲ್ಲಿ ಸೆಪ್ಟೆಂಬರ್‌ವರೆಗೆ ಆರು ತಿಂಗಳಿಗೆ 48,750 ಕಟ್ಟಿಯಾಗಿದೆ. ವರ್ಷಕ್ಕೆ ಬೇಕಾದ 1,20,900ರಲ್ಲಿ 72,150 ಬಾಕಿ. ಕೆಲವು ಕಂಪನಿಗಳು ಇದನ್ನು ಉಳಿದ ಆರು ತಿಂಗಳಿಗೆ ಸಮವಾಗಿ ಹಂಚುತ್ತವೆ, ಆಗ ತಿಂಗಳಿಗೆ 12,025. ಇನ್ನು ಕೆಲವು ಬೋನಸ್‌ನ ತೆರಿಗೆ ಪೂರ್ತಿಯನ್ನು ಅಕ್ಟೋಬರಿನಲ್ಲೇ ಮುರಿಯುತ್ತವೆ. ಆಗ ಆ ತಿಂಗಳ ಚೀಟಿಯ ಬಲಗಡೆ ‘ಇನ್‌ಕಮ್ ಟ್ಯಾಕ್ಸ್ 31,525’ ಎಂದಿರುತ್ತದೆ. ನವೆಂಬರಿನಿಂದ ಮತ್ತೆ 8,125. ಎರಡರಲ್ಲೂ ವರ್ಷದ ಮೊತ್ತ ಒಂದೇ, ಒಂದು ರೂಪಾಯಿಯೂ ಹೆಚ್ಚು ಕಡಿಮೆ ಇಲ್ಲ.

ನನ್ನ ಮಟ್ಟಿಗೆ ಎರಡನೆಯ ರೀತಿಯೇ ಒಳ್ಳೆಯದು. ಬೋನಸ್ ಕೈಯಲ್ಲಿದ್ದಾಗಲೇ ಅದರ ತೆರಿಗೆ ಮುಗಿದುಹೋಗುತ್ತದೆ. ಹಂಚಿದಾಗ ಹಬ್ಬಕ್ಕೆ ದೊಡ್ಡ ಮೊತ್ತ ಕೈಗೆ ಬರುವುದು ನಿಜ. ಆದರೆ ಕೊಪ್ಪಿಕರ ರಸ್ತೆಯಲ್ಲಿ ಬಟ್ಟೆ, ಬಂಗಾರಕ್ಕೆ ಅದು ಖರ್ಚಾದ ಮೇಲೆ ಮಾರ್ಚ್‌ವರೆಗೆ ಪ್ರತಿ ತಿಂಗಳು ಪಗಾರ ಕಡಿಮೆ ಬರುವಾಗ ಮನೆಯ ಕಂತು, ಮಕ್ಕಳ ಫೀ ಎಲ್ಲಕ್ಕೂ ಬಿಗಿಯಾಗುತ್ತದೆ. ನಿಮ್ಮ ಕಂಪನಿ ಯಾವ ರೀತಿ ಮಾಡುತ್ತದೆ ಎಂದು ಸೆಪ್ಟೆಂಬರಿನಲ್ಲೇ ಕೇಳಿಕೊಂಡರೆ ಖರ್ಚನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಹಂತ 5: 12 ಲಕ್ಷದ ಗಡಿಯಲ್ಲಿದ್ದೀರಾ? ಇಲ್ಲಿ ನಿಧಾನಿಸಿ

ಬೋನಸ್ ವಿಷಯದಲ್ಲಿ ನಿಜಕ್ಕೂ ಹೊಡೆತ ಬೀಳುವುದು ಈ ಜಾಗದಲ್ಲಿ, ಮತ್ತು ಇದರ ಬಗ್ಗೆ ಮಾತನಾಡುವವರು ಕಡಿಮೆ.

ವರ್ಷದ ಪಗಾರ 12,65,000 ಇರುವ ಒಬ್ಬರನ್ನು ತೆಗೆದುಕೊಳ್ಳಿ. 75,000 ಕಳೆದರೆ 11,90,000. ತೆರಿಗೆ ಸೊನ್ನೆ. ಏಪ್ರಿಲ್‌ನಿಂದ ಅವರ ಪಗಾರ ಚೀಟಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಸಾಲೇ ಇಲ್ಲ. ಅಕ್ಟೋಬರಿನಲ್ಲಿ 50,000 ಬೋನಸ್ ಬಂತು. ಈಗ ಆದಾಯ 12,40,000. ಗಡಿ ದಾಟಿದ ಕೂಡಲೇ 87ಎ ಮನ್ನಾ ಹೋಗುತ್ತದೆ. ಲೆಕ್ಕದ ಪ್ರಕಾರ ತೆರಿಗೆ 66,000. ಬೋನಸ್‌ಗಿಂತ ತೆರಿಗೆಯೇ ಜಾಸ್ತಿ! ಹೀಗಾಗಬಾರದೆಂದೇ ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಎಂಬ ವ್ಯವಸ್ಥೆ ಇದೆ. 12 ಲಕ್ಷದ ಮೇಲೆ ಎಷ್ಟು ದಾಟಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಇಲ್ಲಿ ದಾಟಿದ್ದು 40,000, ತೆರಿಗೆಯೂ 40,000. ಅದರ ಮೇಲೆ ಸೆಸ್ 1,600. ಒಟ್ಟು 41,600.

ಐವತ್ತು ಸಾವಿರದಲ್ಲಿ ಕೈಗೆ ಉಳಿದದ್ದು 8,400.

ಇದೇ ವ್ಯಕ್ತಿಗೆ ಬರೀ 10,000 ಬೋನಸ್ ಬಂದಿದ್ದರೆ ಆದಾಯ ಸರಿಯಾಗಿ 12 ಲಕ್ಷಕ್ಕೆ ನಿಲ್ಲುತ್ತಿತ್ತು, ಹತ್ತು ಸಾವಿರವೂ ಕೈಗೆ ಸಿಗುತ್ತಿತ್ತು. ರಿಲೀಫ್ ತೆರಿಗೆಗೆ ಮಿತಿ ಹಾಕುತ್ತದೆ, ಸೆಸ್ ಅದರ ಮೇಲೆ ಬೀಳುತ್ತದೆ. ಹಾಗಾಗಿ ಗಡಿ ದಾಟಿದ ಪ್ರತಿ ನೂರು ರೂಪಾಯಿಗೆ 104 ರೂಪಾಯಿ ಹೋಗುತ್ತದೆ. ಬೋನಸ್ 80,000 ಇದ್ದರೆ ಕೈಗೆ ಇನ್ನೂ ಕಡಿಮೆ, 7,200. ಆದಾಯ ಸುಮಾರು 12,70,600 ದಾಟಿದ ಮೇಲೆ ರಿಲೀಫ್ ಮುಗಿಯುತ್ತದೆ. ಅಲ್ಲಿಂದ ಮೇಲಿನ ಪ್ರತಿ ನೂರಕ್ಕೆ 15 ರೂಪಾಯಿ 60 ಪೈಸೆಯಷ್ಟೇ ಹೋಗುತ್ತದೆ. ಇವರಿಗೆ ಬೋನಸ್ 84,000 ಮುಟ್ಟಿದಾಗ ಮಾತ್ರ ಆ ಹತ್ತು ಸಾವಿರದ ಮಟ್ಟ ಮತ್ತೆ ಸಿಗುತ್ತದೆ.

ಈ ಅಂತರದೊಳಗೆ ಬೀಳುವವರಿಗೆ ಹೊಸ ಪದ್ಧತಿಯಲ್ಲಿ ಇರುವ ಒಂದು ಒಳ್ಳೆಯ ದಾರಿ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ನೀವು ಸ್ವಂತ ಕಟ್ಟುವ ಎನ್‌ಪಿಎಸ್‌ಗೆ ಹೊಸ ಪದ್ಧತಿಯಲ್ಲಿ ವಿನಾಯಿತಿ ಇಲ್ಲ. ಕಂಪನಿ ನಿಮ್ಮ ಖಾತೆಗೆ ಕಟ್ಟುವುದಕ್ಕೆ ಮಾತ್ರ ಇದೆ. ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ. ತಿಂಗಳ ಬೇಸಿಕ್ 50,000 ಇದ್ದರೆ ವರ್ಷಕ್ಕೆ 84,000ದವರೆಗೆ ಅವಕಾಶ. ಮೇಲಿನ ಉದಾಹರಣೆಯವರು ಉಳಿದ ತಿಂಗಳುಗಳ ಸ್ಪೆಷಲ್ ಅಲವನ್ಸ್‌ನಿಂದ 40,000 ಕಡಿಮೆ ಮಾಡಿ ಅಷ್ಟನ್ನು ಕಂಪನಿಯ ಕಡೆಯಿಂದ ಎನ್‌ಪಿಎಸ್‌ಗೆ ಹಾಕಿಸಿದರೆ ಆದಾಯ 12 ಲಕ್ಷಕ್ಕೆ ಇಳಿಯುತ್ತದೆ, 41,600 ತೆರಿಗೆ ಪೂರ್ತಿ ಉಳಿಯುತ್ತದೆ. ತೆರಿಗೆಗೆ ಹೋಗುವ ಬದಲು ನಿಮ್ಮದೇ ಪಿಂಚಣಿ ಖಾತೆಯಲ್ಲಿ 40,000 ಇರುತ್ತದೆ. ಇದಕ್ಕೆ ಕಂಪನಿ ಒಪ್ಪಬೇಕು. ಆಗಲೇ ಕೊಟ್ಟಾದ ಪಗಾರವನ್ನು ಹಿಂದಕ್ಕೆ ಹೋಗಿ ಬದಲಿಸಲು ಬರುವುದಿಲ್ಲ, ಹಾಗಾಗಿ ಬೋನಸ್ ಮೊತ್ತ ಗೊತ್ತಾದ ವಾರದಲ್ಲೇ ಎಚ್‌ಆರ್‌ ಜೊತೆ ಮಾತಾಡಿ. ಆ ದುಡ್ಡು ನಿವೃತ್ತಿಯವರೆಗೆ ಬಹುಮಟ್ಟಿಗೆ ಕೈಗೆ ಸಿಗದು ಎಂಬುದನ್ನೂ ಮನೆಯಲ್ಲಿ ಕೂತು ಯೋಚಿಸಿ.

ಗಡಿಯಲ್ಲಿರುವವರು ಬ್ಯಾಂಕ್ ಠೇವಣಿಯ ಬಡ್ಡಿಯನ್ನು ಮರೆಯಬಾರದು. ಕಂಪನಿಗೆ ಅದು ಗೊತ್ತಿರುವುದಿಲ್ಲ. ಪಗಾರ, ಬೋನಸ್ ಸೇರಿ 75,000 ಕಳೆದ ಮೇಲೆ 11,95,000ಕ್ಕೆ ನಿಂತಿದೆ ಎಂದು ನಿಶ್ಚಿಂತರಾಗಿದ್ದವರ ಎಫ್‌ಡಿ ಬಡ್ಡಿ 20,000 ಇದ್ದರೆ ಗಡಿ ದಾಟಿತು. ತಿಂಗಳುಗಟ್ಟಲೆ ಕಡಿತವೇ ಇಲ್ಲದೆ ಬಂದು ಜುಲೈನಲ್ಲಿ ರಿಟರ್ನ್ ತುಂಬುವಾಗ 15,600 ಕಟ್ಟಿ ಎಂದು ಪೋರ್ಟಲ್ ಹೇಳುತ್ತದೆ.

ಹಳೆಯ ಪದ್ಧತಿಯಲ್ಲಿದ್ದರೆ

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ರೈಲ್ವೆ ವರ್ಕ್‌ಶಾಪ್ ಎರಡೂ ಹುಬ್ಬಳ್ಳಿಯಲ್ಲಿರುವುದರಿಂದ ದಸರೆ ಬಂತೆಂದರೆ ಊರಿನ ಎಷ್ಟೋ ಮನೆಗಳಿಗೆ ರೈಲ್ವೆ ಬೋನಸ್ ಬರುತ್ತದೆ. 2025ರಲ್ಲಿ 78 ದಿನಗಳ ವೇತನದ ಲೆಕ್ಕದಲ್ಲಿ ಗರಿಷ್ಠ 17,951 ರೂಪಾಯಿ. ತಿಂಗಳ ಪಗಾರ ಎಷ್ಟೇ ಇರಲಿ, ಬೋನಸ್ ಲೆಕ್ಕಕ್ಕೆ 7,000 ಎಂದೇ ಹಿಡಿಯುವುದರಿಂದ ಈ ಮಿತಿ.

ವರ್ಷಕ್ಕೆ 9 ಲಕ್ಷ ಪಗಾರ ಪಡೆಯುವ ಟೆಕ್ನಿಷಿಯನ್ ಒಬ್ಬರು ಹೊಸ ಪದ್ಧತಿಯಲ್ಲಿದ್ದರೆ ಬೋನಸ್ ಕೂಡಿಸಿದರೂ ತೆರಿಗೆ ಸೊನ್ನೆ. ಹಳೆಯ ಪದ್ಧತಿಯಲ್ಲಿದ್ದು, 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ ಕಲಂ ಅಡಿ ಪಿಎಫ್, ವಿಮೆಯಂಥ ಉಳಿತಾಯಕ್ಕೆ ದೀಡ ಲಕ್ಷ, ವೃತ್ತಿ ತೆರಿಗೆ 2,500 ಕಳೆದರೂ 6,97,500 ಉಳಿಯುತ್ತದೆ. ಹಳೆಯ ಪದ್ಧತಿಯಲ್ಲಿ 5 ಲಕ್ಷ ದಾಟಿದ ಭಾಗಕ್ಕೆ ಶೇ 20. ಆಗ ಬೋನಸ್ ಒಂದಕ್ಕೇ ಸೆಸ್ ಸೇರಿ ಸುಮಾರು 3,734 ಹೋಗುತ್ತದೆ, ಪಗಾರಕ್ಕೆ ಬೇರೆ 54,080. ‘ಮೊದಲಿಂದ ಹಳೇದ್ರಾಗ ಅದೇವಿ’ ಎಂದು ಹಾಗೇ ಮುಂದುವರಿಸಿದವರು ಈ ಲೆಕ್ಕವನ್ನು ಒಮ್ಮೆ ಹಾಕಲೇಬೇಕು. ದೊಡ್ಡ ಗೃಹಸಾಲದ ಬಡ್ಡಿ, ಹೆಚ್ಚಿನ ಬಾಡಿಗೆಯ ಎಚ್‌ಆರ್‌ಎ ಇಂಥ ದೊಡ್ಡ ವಿನಾಯಿತಿಗಳು ಇದ್ದವರಿಗೆ ಹಳೆಯದು ಲಾಭವಾದೀತು, ಅದನ್ನೂ ಲೆಕ್ಕ ಹಾಕಿಯೇ ನಂಬಿ.

ಕಂಪನಿಗೆ ಯಾವ ಪದ್ಧತಿ ಹೇಳಿದ್ದೀರೋ ಟಿಡಿಎಸ್ ಅದರಂತೆ. ಪಗಾರದಾರರು ರಿಟರ್ನ್ ತುಂಬುವಾಗ ಮತ್ತೆ ಬದಲಿಸಬಹುದು. ಹಳೆಯದಕ್ಕೆ ಹೋಗುವುದಾದರೆ ಗಡುವಿನೊಳಗೆ ತುಂಬಿದ ರಿಟರ್ನ್‌ನಲ್ಲಿ ಮಾತ್ರ.

ಹಂತ 6: ನಡುವೆ ಕೆಲಸ ಬದಲಿಸಿದವರು

ಬೋನಸ್ ತೆಗೆದುಕೊಂಡು ಬೇರೆ ಕಡೆ ಸೇರುವವರು ಬಹಳ. ಹೊಸ ಕಂಪನಿಗೆ ಹಳೆಯ ಕಡೆಯ ಪಗಾರ, ಬೋನಸ್ ತಿಳಿಸದಿದ್ದರೆ ಎರಡೂ ಕಂಪನಿಗಳು ತಮ್ಮ ತಮ್ಮ ಪಾಲಿಗೆ 4 ಲಕ್ಷದ ವಿನಾಯಿತಿ, 75,000, ಮನ್ನಾ ಎಲ್ಲವನ್ನೂ ಕೊಟ್ಟು ಲೆಕ್ಕ ಹಾಕುತ್ತವೆ. ತೆರಿಗೆ ಕಡಿಮೆ ಮುರಿಯುತ್ತದೆ. ವರ್ಷದ ಕೊನೆಗೆ ಎರಡನ್ನೂ ಕೂಡಿಸಿದಾಗ ಬಾಕಿ ಹೊರಬೀಳುತ್ತದೆ. ಸೇರಿದ ಕೂಡಲೇ 12ಬಿ ಫಾರಂನಲ್ಲಿ ಹಳೆಯ ಆದಾಯ, ಕಡಿತವಾದ ತೆರಿಗೆ ತಿಳಿಸಿದರೆ ಹೊಸ ಕಂಪನಿ ಸರಿಯಾಗಿ ಮುರಿಯುತ್ತದೆ.

ಟಿಡಿಎಸ್ ಕಳೆದು ಕಟ್ಟಬೇಕಾದ ತೆರಿಗೆ 10,000 ಅಥವಾ ಹೆಚ್ಚು ಉಳಿದರೆ ಮುಂಗಡ ತೆರಿಗೆ ಕಟ್ಟಬೇಕು. ದೀಪಾವಳಿ ನಂತರ ಬರುವ ಕಂತುಗಳ ಗಡುವು ಡಿಸೆಂಬರ್ 15 ಮತ್ತು ಮಾರ್ಚ್ 15. ಆದಾಯ ತೆರಿಗೆ ಪೋರ್ಟಲ್‌ನ ‘ಇ-ಪೇ ಟ್ಯಾಕ್ಸ್’ನಲ್ಲಿ ಯುಪಿಐ ಅಥವಾ ನೆಟ್ ಬ್ಯಾಂಕಿಂಗ್‌ನಿಂದ ಕಟ್ಟಬಹುದು. ಬಿಟ್ಟರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ.

ಹಂತ 7: ಮುರಿದದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ?

ಚೀಟಿಯಲ್ಲಿ ಕಡಿತ ಕಂಡರೆ ಸಾಲದು, ಅದು ನಿಮ್ಮ ಹೆಸರಿಗೆ ಸರ್ಕಾರಕ್ಕೆ ಮುಟ್ಟಿರಬೇಕು. ಪೋರ್ಟಲ್‌ಗೆ ಹೋಗಿ 26ಎಎಸ್ (ನಿಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ) ತೆರೆದು ನೋಡಿ. ಅಕ್ಟೋಬರಿನ ಕಡಿತ ನವೆಂಬರಿನಲ್ಲೇ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕ ವಿವರ ಸಲ್ಲಿಸಲು ಕಂಪನಿಗೆ ಜನವರಿ 31ರವರೆಗೆ ಸಮಯವಿದೆ. ಫೆಬ್ರುವರಿ ಮುಗಿದರೂ ಕಾಣದಿದ್ದರೆ ಲೆಕ್ಕಪತ್ರ ವಿಭಾಗಕ್ಕೆ ಇಮೇಲ್ ಹಾಕಿ. ಬಾಯಿಮಾತಿಗಿಂತ ಬರಹದಲ್ಲಿ ಕೇಳಿದರೆ ಮುಂದೆ ಆಧಾರಕ್ಕೆ ಬರುತ್ತದೆ.

ಜೂನ್ 15ರೊಳಗೆ ಕಂಪನಿ ಫಾರಂ 16 (ವರ್ಷದ ಪಗಾರ, ಮುರಿದ ತೆರಿಗೆಯ ಪ್ರಮಾಣಪತ್ರ) ಕೊಡಬೇಕು. ಅದರ ‘ಬಿ’ ಭಾಗದಲ್ಲಿ ಒಟ್ಟು ಪಗಾರದ ಮೊತ್ತ ಇರುತ್ತದೆ. ನಿಮ್ಮ 12 ಚೀಟಿಗಳ ಗಳಿಕೆ ಮತ್ತು ಬೋನಸ್ ಕೂಡಿಸಿ ಅದಕ್ಕೆ ತಾಳೆ ನೋಡಿ. ಬೋನಸ್ ಎರಡು ಸಲ ಸೇರಿದೆಯೇ, ಬಿಟ್ಟುಹೋಗಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ನಂತರ ಅದೇ ಪೋರ್ಟಲ್‌ನ ಎಐಎಸ್‌ನಲ್ಲಿ (ನಿಮ್ಮ ವರ್ಷದ ಆದಾಯ, ವ್ಯವಹಾರಗಳ ಮಾಹಿತಿ ಪಟ್ಟಿ) ಬ್ಯಾಂಕ್ ಬಡ್ಡಿ ನೋಡಿ ಸೇರಿಸಿ, ಜುಲೈ 31ರೊಳಗೆ ರಿಟರ್ನ್ ತುಂಬಿ. ಹೆಚ್ಚು ಮುರಿದಿದ್ದರೆ ಆ ಮೊತ್ತ ನೀವು ಪೋರ್ಟಲ್‌ನಲ್ಲಿ ದೃಢೀಕರಿಸಿದ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ. ತುಂಬಿದ 30 ದಿನಗಳೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ, ತಡವಾದರೆ ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನ ಎಂದು ಹಿಡಿಯುತ್ತಾರೆ.